ನಿನ್ನೆಯ ನೀರು

ಅಕ್ಕಲಕೋಟೆಯ ಆ ವಾಡೆಗೆ, ಅಂದರೆ ನಡುವೆ ಅಂಗಳವಿದ್ದ ದೊಡ್ಡ ಮನೆಗೆ, ನಳ ಒಂದೇ, ಅಂಗಳದ ಮೂಲೆಯಲ್ಲಿ, ಭಾಂಡೆ ತಿಕ್ಕುವ ಕಲ್ಲಿನ ಪಕ್ಕಕ್ಕೆ. ದಿನ ಬಿಟ್ಟು ದಿನ ನೀರು ಬರುತ್ತಿತ್ತು, ಅದೂ ಸರಿಯಾಗಿ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ. ಹೀಗಾಗಿ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುವ ದ್ವಾರಕಾಳಿಗೆ ಶಾಲೆಯಿರುವ ದಿನ ತಾನಾಗಿ ನೀರು ಹಿಡಿಯುವ ದಾರಿಯೇ ಇರಲಿಲ್ಲ. ಆದರೂ ಇಲ್ಲಿಗೆ ಬಂದ ಈ ಆರು ವರ್ಷಗಳಲ್ಲಿ ಅವಳ ಕೊಡ ಖಾಲಿ ಉಳಿದದ್ದಿಲ್ಲ. ಶಾಲೆ ಬಿಟ್ಟು ಬಂದಾಗ ಬಾಗಿಲ ಮುಂದೆ ಅದು ತುಂಬಿ ಕೂತಿರುತ್ತಿತ್ತು, ಮೇಲೊಂದು ಹಿತ್ತಾಳೆ ತಟ್ಟೆ ಮುಚ್ಚಿಕೊಂಡು. ತುಂಬಿಡುತ್ತಿದ್ದವರು ಮನೆಯ ಒಡತಿ ಪಾರ್ವತಿಬಾಯಿ.

ದ್ವಾರಕಾ ಹುಟ್ಟಿ ಬೆಳೆದದ್ದು ಸೋಲಾಪುರದಲ್ಲಿ. ಮದುವೆಯಾದ ಸ್ವಲ್ಪ ವರ್ಷಕ್ಕೇ ಗಂಡ ತೀರಿಕೊಂಡ, ಮಕ್ಕಳಿರಲಿಲ್ಲ. ಮಾಸ್ತರಿಕೆ ಕಲಿತು, ಕನ್ನಡ ಶಾಲೆ ಎಲ್ಲೆಲ್ಲಿ ಇತ್ತೋ ಅಲ್ಲಲ್ಲಿ ನೌಕರಿ ಮಾಡಿ, ಕೊನೆಗೆ ಇಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಭೂಗೋಳ ಕಲಿಸಲು ಬಂದಳು. ಊರಿನವರು ಎದುರಿಗೆ ಸಿಕ್ಕರೆ ‘ಬಾಯಿ, ನಮಸ್ಕಾರ’ ಎನ್ನುತ್ತಿದ್ದರು. ಒಂಟಿ ಹೆಂಗಸಿಗೆ ಊರು ಮರ್ಯಾದೆಯನ್ನೇನೋ ಕೊಡುತ್ತದೆ, ಆದರೆ ಪಕ್ಕದಲ್ಲಿ ಕೂತು ಮಾತಾಡುವುದಿಲ್ಲ.

ಕೂತು ಮಾತಾಡಿದವರು ಪಾರ್ವತಿಬಾಯಿ ಒಬ್ಬರೇ. ಅವರ ಗಂಡ ಚನ್ನವೀರಪ್ಪನವರದು ಪೇಟೆಯಲ್ಲಿ ಬಟ್ಟೆ ಅಂಗಡಿ. ಮನೆಯಲ್ಲಿ ಮಗ, ಸೊಸೆ, ಮೊಮ್ಮಗಳು, ಹೋಗಿ ಬರುವ ಬೀಗರು. ಇಷ್ಟು ಮಂದಿ ಇದ್ದರೂ ಸಂಜೆಯಾದರೆ ಅವರು ಕಟ್ಟೆಯ ಮೇಲೆ ಎರಡೇ ಕಪ್ಪು ಇಟ್ಟು ಕೂಗುತ್ತಿದ್ದರು.

“ದ್ವಾರಕಾ, ಬಾ. ಚಹಾ ಆರಾಕತ್ತೇತಿ.”

ದ್ವಾರಕಾಳ ದಿನವೆಲ್ಲ ಆ ಒಂದು ಕೂಗಿನ ಕಡೆಗೇ ನಡೆಯುತ್ತಿತ್ತು. ಸೋಲಾಪುರದ ವಿಜಾಪುರ ರಸ್ತೆಯಲ್ಲಿ ಮನೆ ಮಾಡಿಕೊಂಡಿದ್ದ ತಮ್ಮ ಪಂಢರಿನಾಥ, “ಬದಲಿ ಮಾಡಿಸ್ಕೊಂಡು ನಮ್ಮ ಕಡೆ ಬಂದಬಿಡು ಅಕ್ಕಾ” ಎಂದು ಪ್ರತಿ ವರ್ಷ ಹೇಳುತ್ತಿದ್ದ. ಪ್ರತಿ ವರ್ಷ ಅವಳು ಏನೋ ನೆಪ ಹೇಳುತ್ತಿದ್ದಳು. ಒಂದು ಕಪ್ಪು ಚಹಾಕ್ಕಾಗಿ ಇಲ್ಲಿ ಉಳಿದಿದ್ದೇನೆ ಎಂದು ತಮ್ಮನಿಗೆ ಹೇಳುವುದಾದರೂ ಹೇಗೆ.

ಆ ವರ್ಷ ಭೂಗೋಳದ ಶಿಕ್ಷಕರಿಗೆಲ್ಲ ಸೋಲಾಪುರದಲ್ಲಿ ಒಂದು ಶಿಬಿರ ಇಟ್ಟರು. ಸುಸ್ಥಿರ ಅಭಿವೃದ್ಧಿ ಎಂಬುದನ್ನು ಮಕ್ಕಳಿಗೆ ಕಲಿಸಬೇಕು ಎಂದರು. ಇವತ್ತಿನವರು ತಮ್ಮ ಕೆಲಸ ಮಾಡಿಕೊಳ್ಳಬೇಕು, ಮುಂದೆ ಬರುವವರಿಗೂ ಉಳಿಸಬೇಕು, ಇಷ್ಟೇ ಅದರ ಅರ್ಥ. ಆದರೆ ಪುಸ್ತಕದಲ್ಲಿ ಇದ್ದದ್ದು ದೊಡ್ಡ ದೊಡ್ಡ ಮಾತು, ಎಲ್ಲೆಲ್ಲಿಯದೋ ಕಾಡು, ಎಲ್ಲೆಲ್ಲಿಯದೋ ಎಣ್ಣೆ ಬಾವಿ. ಒಂಬತ್ತನೆಯ ವರ್ಗದಲ್ಲಿ ಅದನ್ನು ಓದಿಸುವಾಗ ಹಿಂದಿನ ಬೆಂಚಿನ ಹುಡುಗಿಯರು ಜಡೆ ಬಿಚ್ಚಿ ಹೆಣೆದುಕೊಳ್ಳುತ್ತಿದ್ದರು. ದ್ವಾರಕಾ ಪುಸ್ತಕ ಮುಚ್ಚಿದಳು.

“ನಿನ್ನಿ ನಳಾ ಬಂದಾಗ ಮನ್ಯಾಗಿನ ಹಿಂದಿನ ನೀರು ಏನ್ ಮಾಡಿದ್ರಿ?”

“ಚೆಲ್ಲಿದ್ವಿರಿ ಬಾಯಿ,” ಎಂದಿತು ಇಡೀ ವರ್ಗ.

“ಯಾಕ?”

“ಶಿಳಿ ಆಗಿತ್ರಿ.”

ಆ ಕಡೆಯ ಮನೆಗಳ ರೂಢಿಯೇ ಅದು. ನಳದ ಬಾಯಲ್ಲಿ ಗೊರಗೊರ ಸದ್ದು ಕೇಳಿತೆಂದರೆ ಮೊದಲು ಹಂಡೆ, ಕೊಡ, ಬಕೆಟು ಎಲ್ಲ ಅಂಗಳದಲ್ಲಿ ಬೋರಲು ಬೀಳುತ್ತವೆ. ಉಳಿದ ನೀರು ಹಳಸಿದ ಅನ್ನದ ಹಾಗೆ, ಶಿಳಿ. ಗಟಾರಕ್ಕೆ ಹೋದ ಮೇಲೆಯೇ ಹೊಸ ನೀರು.

“ಹೊಸಾ ನೀರು ಎಲ್ಲಿಂದ ಬಂತು?”

“ನಳದಾಗಿಂದ್ರಿ.”

“ನಳದಾಗ ಯಾರು ಇಟ್ಟಿದ್ರು, ನಿಮ್ಮ ಮಾವ?” ಹುಡುಗಿಯರು ನಕ್ಕರು. “ನಳಕ್ಕ ಟಾಕಿಯಿಂದ. ಟಾಕಿಗೆ?”

“ಕುರನೂರ ಧರಣದಿಂದ್ರಿ,” ಎಂದು ಊರಿಗೆ ನೀರು ಕೊಡುವ ಅಣೆಕಟ್ಟಿನ ಹೆಸರು ಹೇಳಿದಳು ಪ್ರಾಜಕ್ತಾ. ಪಾರ್ವತಿಬಾಯಿಯ ಮೊಮ್ಮಗಳು ಅವಳು, ಮೊದಲ ಬೆಂಚು.

“ಧರಣಕ್ಕ ಯಾವಾಗ ಬಂತು?”

“ಮಳಿಗಾಲದಾಗ.”

“ಅಂದ್ರ ಮಳಿಗಾಲದಿಂದ ಅಲ್ಲಿ ಕುಂತಿದ್ದು ತಾಜಾ. ನಿಮ್ಮ ಹಂಡೇದಾಗ ಎರಡು ರಾತ್ರಿ ಕುಂತಿದ್ದು ಶಿಳಿ. ಹೌದಿಲ್ಲೊ?”

ಹಿಂದಿನಿಂದ ಒಬ್ಬಳು, “ಹಂಗಾದ್ರ ನಾವು ದಿನಾ ಶಿಳಿ ನೀರ ಕುಡಿಯಾಕತ್ತೀವ್ರಿ ಬಾಯಿ” ಎಂದು ಓಕರಿಸಿದ ಹಾಗೆ ಮಾಡಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುವಿನ ಮೇಲೆ ಪಾಠ ಕೂತರೆ ಅದು ಏಳುವುದಿಲ್ಲ ಎಂಬುದು ದ್ವಾರಕಾಳಿಗೆ ಗೊತ್ತಿತ್ತು. ಅವತ್ತೇ ಕೆಲಸ ಹಚ್ಚಿದಳು. ಒಬ್ಬೊಬ್ಬರೂ ತಮ್ಮ ಓಣಿಯ ನಕಾಶೆ ತೆಗೆಯಬೇಕು. ಚೆಲ್ಲಿದ ನೀರು ಯಾವ ಮನೆಯಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ನೀಲಿ ಬಾಣ ಹಾಕಿ ತೋರಿಸಬೇಕು. ಹೆಚ್ಚು ನೀರಿಗೆ ದಪ್ಪ ಬಾಣ, ಕಡಿಮೆ ನೀರಿಗೆ ಸಣ್ಣ ಬಾಣ.

ಸಂಜೆ ಕಟ್ಟೆಯ ಮೇಲೆ ಪಾರ್ವತಿಬಾಯಿ ಬಶಿಗೆ ಚಹಾ ಸುರಿದುಕೊಳ್ಳುತ್ತ ಶುರು ಮಾಡಿದರು.

“ನಮ್ಮ ಪ್ರಾಜಕ್ತಾ ಇವತ್ತ ನನಗ ಸಾಲಿ ಕಲಸಾಕ ಬಂದಿದ್ಲವಾ. ಆಯಿ, ನೀರು ಚೆಲ್ಲಬ್ಯಾಡ ಅಂತ. ನಾ ಅಂದೆ, ನಿಮ್ಮ ಬಾಯಿಗೆ ಹೇಳು, ಭೂಗೋಳ ಸಾಲ್ಯಾಗ ಇರ್ಲಿ, ನನ್ನ ಹಂಡೇದಾಗ ಇಳಿಯೋದು ಬ್ಯಾಡ ಅಂತ.”

“ಕಾಕೂ, ನೀವು ಒಂದು ಹೊತ್ತಿನ್ಯಾಗ ಚೆಲ್ಲೋ ನೀರಿನ್ಯಾಗ ನನ್ನ ವಾರದ ಸಂಸಾರ ಆಗ್ತೈತಿ.”

“ನಿಂದೇನ ಸಂಸಾರ. ಒಂದು ತಂಬಿಗಿ, ಒಂದು ಪಾತೇಲಿ. ಅದಕ್ಕ ಕುರನೂರ ಧರಣ ಯಾಕ ಬೇಕು, ಬೆಕ್ಕಿನ ಬಟ್ಟಲ ಸಾಕು.”

ಇಬ್ಬರೂ ನಕ್ಕರು. ಪಾರ್ವತಿಬಾಯಿ ಬಶಿ ಕೆಳಗಿಟ್ಟು ಅಂದರು, “ಈ ಮನ್ಯಾಗ ಯಾರೂ ಶಿಳಿ ನೀರು ಕುಡದಿಲ್ಲ. ನಾ ಇರೋತನಕ ಕುಡ್ಯೋದೂ ಇಲ್ಲ. ಹುಡಿಗ್ಯಾರಿಗೆ ಬ್ಯಾರೆ ಏನರೆ ಕಲಸು.”

ಆ ಕೊನೆಯ ಮಾತಿನಲ್ಲಿ ನಗು ಇರಲಿಲ್ಲ. ದ್ವಾರಕಾ ಚಹಾಕ್ಕೆ ಊದುತ್ತಿದ್ದಳು, ಅದನ್ನು ಗಮನಿಸಲಿಲ್ಲ.

ಪ್ರಾಜಕ್ತಾ ತೆಗೆದ ನಕಾಶೆ ಎಲ್ಲಕ್ಕಿಂತ ಚೆನ್ನಾಗಿತ್ತು. ಉತ್ತರ ದಿಕ್ಕು ಸರಿಯಾಗಿತ್ತು, ಅಳತೆ ಸರಿಯಾಗಿತ್ತು, ಬೇವಿನ ಗಿಡ, ಹಿಟ್ಟಿನ ಗಿರಣಿ, ತಿರುವಿನಲ್ಲಿ ಕಟ್ಟಿಕೊಳ್ಳುವ ಗಟಾರ, ಎಲ್ಲ ಅವುಗಳ ಜಾಗದಲ್ಲೇ ಇದ್ದವು. ಓಣಿಯ ಮನೆಗಳಿಂದ ಹೊರಟ ಬಾಣಗಳಲ್ಲಿ ಒಂದು ಮಾತ್ರ ತೋಳಿನಷ್ಟು ದಪ್ಪ.

“ಬಾಯಿ, ಇಲ್ಲಿ ಹೆಸರು ಬರೀಲೇನ್ರಿ?” ಎಂದು ಕೇಳಿದಳು ಹುಡುಗಿ.

“ಹೆಸರಿಲ್ಲದ ನಕಾಶಿ ನಕಾಶಿ ಹೆಂಗ ಆಗ್ತೈತಿ? ಬರಿ,” ಎಂದಳು ದ್ವಾರಕಾ. ಇಪ್ಪತ್ತು ವರ್ಷ ಪ್ರತಿ ವರ್ಗದಲ್ಲೂ ಹೇಳಿಕೊಂಡು ಬಂದ ಮಾತು ಅದು, ವಿಚಾರ ಮಾಡದೆ ಬಾಯಿಂದ ಬಂತು.

ಸಂಕ್ರಾಂತಿ ಹತ್ತಿರ ಬಂದಿತ್ತು. ನಕಾಶೆಗಳನ್ನು ತಾಯಂದಿರಿಗೆ ತೋರಿಸಬೇಕು ಎಂದು ದ್ವಾರಕಾಳ ಆಸೆ. ಹೆಡ್ಮಾಸ್ತರ ಸಾತಲಿಂಗಪ್ಪನವರು ವ್ಯವಹಾರ ತಿಳಿದ ಮನುಷ್ಯ.

“ಬಾಯಿ, ಪ್ರದರ್ಶನ ಅಂದ್ರ ನೊಣಾನೂ ಬರಂಗಿಲ್ಲ. ಹಳದಿಕುಂಕುಮ ಇಟ್ಟೀವಿ ಅಂತ ಹೇಳ್ರಿ, ಬ್ಯಾಡಂದ್ರೂ ಬರ್ತಾರ.”

ಅವರು ಹೇಳಿದ ಹಾಗೆಯೇ ಆಯಿತು. ಜರಿ ಅಂಚಿನ ಸೀರೆ ಉಟ್ಟು ಪೇಟೆಯ ಹೆಂಗಸರೆಲ್ಲ ಬಂದರು. ಹೊರಗಿನ ಪಡಸಾಲೆಯಲ್ಲಿ ಮುತ್ತೈದೆಯರಿಗೆ ಹಳದಿಕುಂಕುಮ. ಅಲ್ಲಿ ತನ್ನದೇನೂ ಕೆಲಸವಿಲ್ಲವೆಂದು ದ್ವಾರಕಾ ಒಳಗಿನ ವರ್ಗದಲ್ಲಿ ನಕಾಶೆಗಳ ಹತ್ತಿರ ನಿಂತಿದ್ದಳು. ಹಣೆಯಲ್ಲಿ ಹಸಿ ಕುಂಕುಮ, ಮುಷ್ಟಿಯಲ್ಲಿ ಎಳ್ಳುಬೆಲ್ಲದ ತಿಳಗುಳ ಹಿಡಿದುಕೊಂಡು ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದರು. ಎಲ್ಲರ ಕಣ್ಣು ನಡು ಗೋಡೆಯ ದೊಡ್ಡ ನಕಾಶೆಗೇ ಬಿತ್ತು.

“ಅಯ್ಯ, ಇದ್ಯಾವ ನದಿ ಅವಾ?” ಎಂದರು ಮುಕ್ತಾಬಾಯಿ. ಅವರ ಗಂಡನದೂ ಪೇಟೆಯಲ್ಲಿ ಬಟ್ಟೆ ಅಂಗಡಿಯೇ. ಅವರಿಗೆ ಮರಾಠಿ ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ.

“ನದಿ ಅಲ್ರಿ ಕಾಕೂ, ಶಿಳಿ ನೀರು. ನಳಾ ಬಂದ ದಿವ್ಸ ಚೆಲ್ಲೋದು,” ಎಂದು ಪ್ರಾಜಕ್ತಾ ಕಡ್ಡಿ ಹಿಡಿದು ತೋರಿಸಿದಳು. ಶಾಲೆಯಲ್ಲಿ ಕಲಿಸಿದ ಹಾಗೆ ಗಟ್ಟಿಯಾಗಿ ಓದಿದಳು. “ಪಾರ್ವತಿಬಾಯಿ ಚನ್ನವೀರಪ್ಪ ಇವರ ಮನೆ. ಓಣಿಯಲ್ಲಿ ಎಲ್ಲಕ್ಕಿಂತ ಹೆಚ್ಚು.”

“ಅದಕ್ಕ ನಮ್ಮ ಮನಿ ಮುಂದ ಸೊಳ್ಳಿ ತುಂಬ್ಯಾವ ನೋಡು. ನಾ ಮುನ್ಸಿಪಾಲ್ಟಿಗೆ ಬೈಯಾಕತ್ತಿದ್ದೆ. ಬೈಸ್ಕೊಳ್ಳೋರು ಜರಿ ಸೀರಿ ಉಟ್ಕೊಂಡು ಇಲ್ಲೇ ಅದಾರ,” ಎಂದರು ಮುಕ್ತಾಬಾಯಿ.

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಗ ದ್ವಾರಕಾ ನೋಡಿದಳು, ಬಾಗಿಲ ಹತ್ತಿರ ಪಾರ್ವತಿಬಾಯಿ ನಿಂತಿದ್ದರು. ಅವರು ಮುಂದೆ ಬಂದರು. ನಕಾಶೆಯನ್ನು ಮೇಲಿನಿಂದ ಕೆಳಗೆ ನೋಡಿದರು. “ನಕಾಶಿ ಛಲೋ ತಗದೀಯವಾ,” ಎಂದು ಮೊಮ್ಮಗಳ ತಲೆ ಸವರಿದರು. ಆಮೇಲೆ ದ್ವಾರಕಾಳ ಕೈಯಲ್ಲಿ ಒಂದು ಚಿಟಿಕೆ ತಿಳಗುಳ ಹಾಕಿ, ಸಿಹಿಯಾಗಿ ಮಾತಾಡು ಎಂದು ಆ ದಿನ ಎಲ್ಲರೂ ಎಲ್ಲರಿಗೂ ಅನ್ನುವ ಮಾತನ್ನೇ ಅಂದರು.

“ತಿಳಗುಳ ತಗೊ, ಗೋಡ ಮಾತಾಡು.”

ತಲೆಯ ಮೇಲೆ ಸೆರಗು ಎಳೆದುಕೊಂಡು ಹೋದರು. ಅಂದು ಸಂಜೆ ಕಟ್ಟೆಯ ಮೇಲೆ ಕಪ್ಪು ಇರಲಿಲ್ಲ.

ಮುಂದಿನ ಸಲ ನೀರು ಬಂದ ದಿನ ದ್ವಾರಕಾ ಶಾಲೆಯಿಂದ ಬಂದಾಗ ಅವಳ ಕೊಡ ಬಾಗಿಲ ಮುಂದೆ ಅವಳು ಇಟ್ಟು ಹೋದ ಹಾಗೆಯೇ ಇತ್ತು. ಒಳಗೆ ಒಣಗಿತ್ತು, ತಳದಲ್ಲಿ ಒಂದು ಬೇವಿನ ಎಲೆ ಬಿದ್ದಿತ್ತು. ಕೊಡದ ನೀರನ್ನು ಅವಳು ಸುರಿದಿಡುತ್ತಿದ್ದ ಕೋಣೆಯ ಪಿಪಾಯಿಯಲ್ಲಿ ಪಾರ್ವತಿಬಾಯಿ ಹಿಂದೆ ತುಂಬಿದ ನೀರು ಸ್ವಲ್ಪ ಉಳಿದಿತ್ತು. ಅದನ್ನು ಅವಳು ಬಹಳ ಹಿಡಿದು ಬಳಸಿದಳು. ನೀರಿಗಾಗಿ ಅಲ್ಲ. ತಂಬಿಗೆ ಮುಳುಗಿಸಿದಾಗ ತಳಕ್ಕೆ ತಾಗಿ ಸದ್ದಾದರೆ ಆರು ವರ್ಷ ಅಲ್ಲಿಗೆ ಮುಗಿದ ಹಾಗೆ ಅನ್ನಿಸುತ್ತಿತ್ತು. ಒಂದು ದಿನ ಸದ್ದಾಯಿತು. ಅವತ್ತಿನಿಂದ ಶಾಲೆಯ ಬೋರಿಂಗಿನಿಂದ ಒಂದು ಕ್ಯಾನಿನಲ್ಲಿ ನೀರು ಹೊತ್ತು ತರತೊಡಗಿದಳು. ಪೇಟೆಯಲ್ಲಿ ಹಾಯುವಾಗ ಜನ ನೋಡುತ್ತಿದ್ದರು. ಯಾರೂ ಏನೂ ಕೇಳಲಿಲ್ಲ.

ವಾಡೆಯಲ್ಲಿ ಜಗಳವೇನೂ ಇರಲಿಲ್ಲ. ಜಗಳವಿದ್ದರೆ ಬಗೆಹರಿಸಬಹುದು. ಎದುರಿಗೆ ಸಿಕ್ಕರೆ ಪಾರ್ವತಿಬಾಯಿ ದಾರಿ ಬಿಟ್ಟು ನಿಲ್ಲುತ್ತಿದ್ದರು, “ಹೋಗ್ರಿ ಬಾಯಿ” ಎನ್ನುತ್ತಿದ್ದರು. ಊರಿನವರೆಲ್ಲ ಕೊಡುವ ಅದೇ ಮರ್ಯಾದೆ.

ಒಂದು ರವಿವಾರ ದ್ವಾರಕಾ ಬಸ್ಸು ಹತ್ತಿ ಸೋಲಾಪುರಕ್ಕೆ ಹೋದಳು. ಪಂಢರಿನಾಥ ಆ ಊರ ಹೊರಗಿನ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರಖಾನೆಯಲ್ಲಿ ಕಾರಕೂನ. ರವಿವಾರವಾದ್ದರಿಂದ ಮನೆಯಲ್ಲೇ ಇದ್ದ. ಅವನ ಹೆಂಡತಿ ಬೆಳಿಗ್ಗೆ ನಳ ಬಂದ ಕೂಡಲೆ ಬಕೆಟು ಬಕೆಟು ನೀರು ಬಚ್ಚಲಿಗೆ ಸುರಿದಳು. ದ್ವಾರಕಾ ಕಾಲು ನೆನೆಯದ ಹಾಗೆ ಬದಿಗೆ ಸರಿದಳು.

“ಯಾಕ್ರಿ ಅಕ್ಕಾರ, ನೀವೇನೋ ನೀರಿಂದು ಕಲಸ್ತೀರಂತಲ್ಲ, ಕೇತಕಿ ಹೇಳಿದ್ಲು,” ಎಂದಳು ನಾದಿನಿ. ಕೇತಕಿ ಅವಳ ಮಗಳು, ಶಿಬಿರಕ್ಕೆ ಬಂದಾಗ ದ್ವಾರಕಾ ಅವಳ ಮುಂದೆ ಪಾಠದ ಮಾತು ಆಡಿದ್ದಳು. “ನಮಗೂ ಒಂದೆರಡು ಮಾತು ಹೇಳ್ರಿ.”

“ಸಾಲ್ಯಾಗ ಹೇಳೋದ ಸಾಕಾಗೇತಿ,” ಎಂದು ಅವಳು ನಕ್ಕಳು.

ಊಟವಾದ ಮೇಲೆ ತಮ್ಮ ಮತ್ತೆ ಬದಲಿಯ ಮಾತು ತೆಗೆದ. ಒಳಗಿನ ಸಣ್ಣ ಕೋಣೆ ಖಾಲಿ ಮಾಡಿಕೊಡುತ್ತೇನೆ ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆ ಕೋಣೆಯಲ್ಲಿ ಮಕ್ಕಳ ಸೈಕಲ್ಲು, ಗಾದಿ, ಹಳೇ ಫ್ಯಾನು ಇದ್ದವು. ಅವುಗಳ ಜೊತೆ ತನ್ನನ್ನೂ ಇಟ್ಟು ನೋಡಿದಳು ದ್ವಾರಕಾ. “ವಿಚಾರ ಮಾಡ್ತೀನಿ” ಎಂದಳು, ಈ ಸಲ ನೆಪ ಹೇಳಲಿಲ್ಲ. ಆದರೆ ತಿರುಗಿ ಬರುವ ಬಸ್ಸಿನಲ್ಲಿ ಒಂದು ಮಾತು ಸ್ಪಷ್ಟವಾಯಿತು. ಹೋಗುವುದಾದರೂ ಕ್ಷಮೆ ಕೇಳದೆ ಹೋಗಬಾರದು.

ಪಾರ್ವತಿಬಾಯಿ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ದ್ವಾರಕಾ ಚೀಲ ಕೆಳಗಿಡದೆ ಎದುರಿಗೆ ನಿಂತಳು.

“ಕಾಕೂ, ತಪ್ಪಾತು. ಹೆಸರು ಬರಸಬಾರದಿತ್ತು.”

“ಹೆಸರು ಖರೇನ ಐತ್ಯಲ್ರಿ ಬಾಯಿ. ನೀರೂ ಖರೇನ ಐತಿ. ಹುಡುಗಿ ಸುಳ್ಳ ಬರದಿಲ್ಲ.”

“ಮಂದಿ ನಕ್ಕರು.”

“ಮುಕ್ತಾ ನಗೋದು ನನಗೇನ ಹೊಸದಲ್ಲ. ನನ್ನ ಮದುವ್ಯಾಗೂ ನಕ್ಕಿದ್ಲು.” ಅವರು ಮೊರ ಕೊಡವಿ ಒಂದು ಹರಳು ಆರಿಸಿ ಹೊರಗೆ ಎಸೆದರು. ಜೋಳದ ಮೇಲಿನ ಕಣ್ಣು ಎತ್ತದೆ ಹೇಳಿದರು.

“ನಿಮ್ಮ ನಕಾಶ್ಯಾಗ ಬೇವಿನ ಗಿಡ ಇತ್ತು, ಗಿರಣಿ ಇತ್ತು. ನನ್ನ ಚೊಚ್ಚಲ ಕೂಸು ಇರಲಿಲ್ಲ. ಆವಾಗ ನಳ ಎಲ್ಲಿದ್ವು. ಬಾವಿ ನೀರ ಹೊರತಿದ್ವಿ. ಒಂದು ಬ್ಯಾಸಗ್ಯಾಗ ಊರಾಗ ಪಟಕಿ ಬಂತು, ವಾಂತಿ ಭೇದಿ. ಕೂಸು ಅಳಾಕತ್ತಿತ್ತು ಅಂತ ನಮ್ಮ ಅತ್ತಿ ಹಂಡ್ಯಾಗಿನ ನಿನ್ನಿ ನೀರು ಕುಡಿಸಿದ್ರು. ಸಂಜಿತನಕ ಉಳೀಲಿಲ್ಲ. ನಾ ಅತ್ತಿಗೆ ಒಂದು ಮಾತ ಅನಲಿಲ್ಲ, ಅವರೂ ನನಗ ಏನೂ ಅನಲಿಲ್ಲ. ಮರುದಿವ್ಸ ಎದ್ದು ಮನ್ಯಾಗಿನ ಹಂಡೆ ಎಲ್ಲಾ ತಾವ ಡಬ್ಬ ಹಾಕಿದ್ರು. ಸಾಯೋತನಕ ಹಾಕಿದ್ರು. ಅವರು ಹ್ವಾದ ಮ್ಯಾಲ ನಾ ಹಾಕಾಕತ್ತೀನಿ.”

ದ್ವಾರಕಾ ಕಟ್ಟೆಯ ಅಂಚಿಗೆ ಕೂತಳು.

“ಅದು ನಿನ್ನಿ ನೀರಿನಿಂದ ಆತೊ, ಬಾವಿ ನೀರ ಹೊಲಸಿತ್ತೊ, ನನಗ ತಿಳ್ಯಂಗಿಲ್ಲ. ನಿಮಗ ತಿಳೀತಿದ್ರ ಹೇಳಬ್ಯಾಡ್ರಿ.”

ದ್ವಾರಕಾಳಿಗೆ ತಿಳಿದಿತ್ತು. ಬಾವಿಯೇ ಕೆಟ್ಟಿದ್ದರೆ ಅವತ್ತು ಸೇದಿದ ನೀರೂ ಅಷ್ಟೇ, ನಿನ್ನೆಯದೂ ಅಷ್ಟೇ. ಅದನ್ನು ಹೇಳಿದ್ದರೆ ಅತ್ತೆಯ ತಪ್ಪು ಇಳಿಯುತ್ತಿತ್ತು. ಇಬ್ಬರು ಹೆಂಗಸರು ಮಾತಾಡದೆ ಚೆಲ್ಲಿದ ಅಷ್ಟೂ ನೀರು ಸುಳ್ಳಾಗುತ್ತಿತ್ತು. ಶಿಕ್ಷಕಿಯಾದವಳಿಗೆ ತಿಳಿದದ್ದನ್ನು ನುಂಗುವುದು ಕಷ್ಟ. ನುಂಗಿದಳು. ಮೊರದ ಜೋಳ ಮುಗಿಯುವವರೆಗೆ ಕೂತಿದ್ದು, ಆಮೇಲೆ ಎದ್ದು ಕೋಣೆಗೆ ಹೋದಳು.

ಮರುದಿನ ಗೋಡೆಯಿಂದ ಆ ನಕಾಶೆ ಬಿಚ್ಚಿ ಪ್ರಾಜಕ್ತಾಳ ಕೈಗೆ ಕೊಟ್ಟಳು. ವರ್ಗದಲ್ಲಿ ಪಾಠ ಮತ್ತೆ ಮೊದಲಿನಿಂದ ತೆಗೆದಳು.

“ನೀರು ಉಳಸ್ರಿ ಅಂತ ನಾ ಹೇಳಿದ್ದು ಖರೆ ಐತಿ. ಅದನ್ನ ತಿರುಗಿ ತಗೊಳ್ಳಾಂಗಿಲ್ಲ. ಆದ್ರ ಅರ್ಧಾನ ಹೇಳಿದ್ದೆ. ದೊಡ್ಡವರು ಒಂದು ರೂಢಿ ಹಾಕ್ಯಾರಂದ್ರ ಅದು ಯಾವುದೋ ಒಂದು ದಿವಸ ಶುರು ಆಗಿರ್ತೈತಿ. ಅವತ್ತ ಮನ್ಯಾಗ ಏನಾಗಿತ್ತು, ಕೇಳ್ರಿ. ಸಾವಕಾಶ ಕೇಳ್ರಿ, ಕೆಲಸ ಇಲ್ಲದಾಗ, ಬಾಜೂಕ ಕುಂತು.”

“ಬರಕೊಂಡ ಬರಬೇಕೇನ್ರಿ ಬಾಯಿ?”

“ಬರೀಬ್ಯಾಡ್ರಿ. ನನಗ ಹೇಳೂದೂ ಬ್ಯಾಡ. ಕೇಳಿದ್ರ ಸಾಕು.”

ಮಾರ್ಕು ಇಲ್ಲದ ಅಭ್ಯಾಸವನ್ನು ಯಾರು ಮಾಡುತ್ತಾರೆ ಎಂದು ಹಿಂದಿನ ಬೆಂಚು ಗುಸುಗುಟ್ಟಿತು. ಪ್ರಾಜಕ್ತಾ ಮಾತ್ರ ನಕಾಶೆಯನ್ನು ಸುರುಳಿ ಸುತ್ತುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

ಬಿಸಿಲು ಏರಿತು. ಒಂದು ರವಿವಾರ ನೀರಿನ ಸರದಿ ಬಂತು. ದ್ವಾರಕಾ ಮನೆಯಲ್ಲೇ ಇದ್ದಳು. ನಳದ ಗೊರಗೊರ ಕೇಳಿ ತನ್ನ ಕೊಡ ತೆಗೆದುಕೊಂಡು ಅಂಗಳಕ್ಕೆ ಬಂದಳು. ಹಂಡೆ ಬೋರಲಾಗುವ ಧಡ್ ಎಂಬ ಸದ್ದಿಗೆ ಕಿವಿ ಕಾಯುತ್ತಿತ್ತು. ಸದ್ದು ಬರಲಿಲ್ಲ. ಪಾರ್ವತಿಬಾಯಿ ಅರ್ಧ ತುಂಬಿದ ಹಂಡೆಯ ಬಾಯಿ ಹಿಡಿದುಕೊಂಡು ನಿಂತಿದ್ದರು, ಅದರೊಳಗೆ ನೋಡುತ್ತ. ಪಕ್ಕದಲ್ಲಿ ಪ್ರಾಜಕ್ತಾ ಇದ್ದಳು. ಅವಳು ಅಜ್ಜಿಯ ಸೆರಗಿನ ತುದಿ ಹಿಡಿದುಕೊಂಡಿದ್ದಳು.

“ಬಾಯಿ,” ಎಂದರು ಪಾರ್ವತಿಬಾಯಿ. “ಕುಡ್ಯಾಕ ಬ್ಯಾಡ. ಅದನ್ನ ನನ್ನ ಕೈಲೆ ಮಾಡಾಕ ಆಗಂಗಿಲ್ಲ. ಭಾಂಡಿ ತಿಕ್ಕಾಕ ಆಗ್ತೈತೇನ್ರಿ?”

“ಆಗ್ತೈತ್ರಿ ಕಾಕೂ.”

ಹಂಡೆ ಭಾರವಿತ್ತು. ದ್ವಾರಕಾ ಇನ್ನೊಂದು ಬದಿಯ ಹಿಡಿಕೆಗೆ ಕೈ ಹಾಕಿದಳು. ಇಬ್ಬರೂ ಎತ್ತಿ, ತುಳುಕದ ಹಾಗೆ ಸಣ್ಣ ಹೆಜ್ಜೆ ಇಟ್ಟು, ಭಾಂಡೆಯ ಕಲ್ಲಿನ ತನಕ ಒಯ್ದು ಇಟ್ಟರು. ಅಂಗಳ ಒಣಗಿಯೇ ಇತ್ತು. ಪಾರ್ವತಿಬಾಯಿ ಸೊಂಟ ಹಿಡಿದುಕೊಂಡು ನೆಟ್ಟಗಾಗಿ, ಹೊಸ ನೀರು ತುಂಬಿಸಿಕೊಂಡು ಒಳಗೆ ಹೋದರು. ದ್ವಾರಕಾ ತನ್ನ ಕೊಡ ತಾನೇ ಹಿಡಿದಳು. ನಳ ನಿಲ್ಲುವವರೆಗೆ ಅಲ್ಲೇ ನಿಂತಳು, ಯಾರಾದರೂ ಕರೆಯಬಹುದು ಎಂದು. ಕರೆಯಲಿಲ್ಲ.

ಬದಲಿ ಬೇಕಾದವರ ಅರ್ಜಿ ಕಳಿಸುವ ಹೊತ್ತು ಬಂದಿತ್ತು, ಅರ್ಜಿ ಕೊಡುತ್ತೀರೋ ಎಂದು ಸಾತಲಿಂಗಪ್ಪನವರು ಮರುದಿನ ಕೊನೆಯ ಸಲ ಕೇಳಲಿದ್ದರು. ಇಲ್ಲ ಎನ್ನಬೇಕು ಎಂದು ಮಧ್ಯಾಹ್ನ ತೀರ್ಮಾನಿಸಿದಳು. ತಮ್ಮನ ಮನೆಯಲ್ಲೂ ಒಂಟಿಯೇ ಇರಬೇಕು, ಇಲ್ಲೂ ಒಂಟಿಯೇ. ಇಲ್ಲಿ ಎತ್ತಿಕೊಡಲು ಒಂದು ಹಂಡೆಯಾದರೂ ಇತ್ತು.

ಸಂಜೆ ಅವಳೇ ಚಹಾ ಮಾಡಿದಳು. ಎರಡು ಕಪ್ಪಿಗೆ ಸುರಿದು ಕಟ್ಟೆಯ ಮೇಲೆ ತಂದಿಟ್ಟಳು. ಆರು ವರ್ಷದಲ್ಲಿ ತಾನು ಒಮ್ಮೆಯೂ ಕೂಗಿರಲಿಲ್ಲ ಎಂಬುದು ಬಾಯಿ ತೆರೆದಾಗ ನೆನಪಾಯಿತು.

“ಕಾಕೂ, ಬರ್ರಿ. ಚಹಾ ಆರಾಕತ್ತೇತಿ.”

ಒಳಗೆ ಭಾಂಡೆಯ ಸದ್ದು ನಿಂತಿತು. ದನಿ ಮಾತ್ರ ಬಂತು.

“ನನಗ ಬ್ಯಾಡ. ನೀ ಕುಡಿ.”

ಭಾಂಡೆಯ ಸದ್ದು ಮತ್ತೆ ಶುರುವಾಯಿತು. ದ್ವಾರಕಾ ತನ್ನ ಚಹಾ ಕುಡಿದಳು. ಬೀದಿಯಲ್ಲಿ ದೀಪ ಹತ್ತಿದವು. ಇನ್ನೊಂದು ಕಪ್ಪನ್ನು ಅವಳು ಚೆಲ್ಲಲಿಲ್ಲ. ಅದರ ಮೇಲೆ ಬಶಿ ಮುಚ್ಚಿ, ಕಟ್ಟೆಯ ಮೇಲೆ ಹಾಗೆಯೇ ಇಟ್ಟು ಒಳಗೆ ಹೋದಳು.